ಚಳಿಗೆ ಗಂಟೆ ಬಾರಿಸಿದ ಊರು

ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ 'ಶಿಥಿಲೀಕರಣ' ಅಂತ ಒಂದು ಪಾಠ ಇತ್ತು, ನೆನಪಿದೆಯಾ? ಬಂಡೆಯ ಬಿರುಕಿನೊಳಗೆ ನೀರು ಸೇರುತ್ತದೆ, ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ, ಬಂಡೆ ಒಡೆಯುತ್ತದೆ. ಎರಡು ಅಂಕದ ಪ್ರಶ್ನೆ. ಉರು ಹೊಡೆದು, ಬರೆದು, ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆತುಬಿಟ್ಟ ವಿಷಯ. ನಮ್ಮ ಬಯಲುಸೀಮೆ ಕಡೆಯವರಿಗೆ ಮರೆಯದೇ ಇರೋಕೆ ಕಾರಣವೂ ಇರಲಿಲ್ಲ ಬಿಡಿ. ಶಿವರಾತ್ರಿಗೆ ಶಿವಶಿವಾ ಅಂತ ಚಳಿ ಹೋಯಿತು ಅನ್ನುವ ನಾಡು ನಮ್ಮದು. ಆ ಚಳಿಗೆ ನಮ್ಮ ತುಟಿ ಒಡೆಯುತ್ತದೆ, ಹಿಮ್ಮಡಿ ಒಡೆಯುತ್ತದೆ. ಕಲ್ಲು ಒಡೆಯೋದಿಲ್ಲ.

ಆದರೆ ಇದೇ ಎರಡು ಅಂಕದ ಉತ್ತರವನ್ನು ನಂಬಿಕೊಂಡು ಇಂಗ್ಲೆಂಡಿನ ಒಂದು ಊರು ಹತ್ತಿರ ಹತ್ತಿರ ಮುನ್ನೂರು ವರ್ಷ ಅನ್ನ ತಿಂದಿದೆ. ಊರಿನ ಹೆಸರು ಸ್ಟೋನ್ಸ್‌ಫೀಲ್ಡ್. ಆಕ್ಸ್‌ಫರ್ಡ್ ನಗರದಿಂದ ವಾಯವ್ಯಕ್ಕೆ ಹದಿನೈದು-ಇಪ್ಪತ್ತು ಕಿಲೋಮೀಟರ್ ದೂರದ ಸಣ್ಣ ಹಳ್ಳಿ. ಈ ಊರಿನವರ ಕಸುಬು ಚಾವಣಿಗೆ ಹೊದಿಸುವ ಕಲ್ಲಿನ ಹಲಗೆ ಮಾಡೋದು. ಗಣಿಯಿಂದ ಕಲ್ಲನ್ನು ಮೇಲೆ ತರುವವರೆಗೆ ಮನುಷ್ಯರ ಕೆಲಸ. ಅದನ್ನು ಹಲಗೆಯಾಗಿ ಸೀಳುವುದು ಮಾತ್ರ ಚಳಿಯ ಕೆಲಸ. ಉಳಿಯಿಂದ ಮನುಷ್ಯ ಮಾಡಲಾಗದ್ದನ್ನು ಒಂದು ರಾತ್ರಿಯ ಚಳಿ ಮಾಡಿಕೊಡುತ್ತಿತ್ತು. ಅದಕ್ಕೇ ಆ ಊರಿನಲ್ಲಿ ಚಳಿಯನ್ನು ಯಾರೂ ಬೈಯುತ್ತಿರಲಿಲ್ಲ. ಎದುರು ನೋಡುತ್ತಿದ್ದರು.

ಮೊದಲು ಆ ಕಲ್ಲಿನ ಬಗ್ಗೆ ಸ್ವಲ್ಪ. ಪೇಟೆಯಲ್ಲಿ ಇದರ ಹೆಸರು 'ಸ್ಟೋನ್ಸ್‌ಫೀಲ್ಡ್ ಸ್ಲೇಟ್'. ಆದರೆ ನಾವು ಬಳಪದಲ್ಲಿ ಬರೆದ ಸ್ಲೇಟಿನ ಜಾತಿಯ ಕಲ್ಲು ಇದಲ್ಲ. ಇದು ಮರಳು ಬೆರೆತ ಸುಣ್ಣದಕಲ್ಲು. ಸುಮಾರು 16.6 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದಲ್ಲಿ, ಆ ಜಾಗ ಬೆಚ್ಚಗಿನ ಆಳವಿಲ್ಲದ ಸಮುದ್ರವಾಗಿದ್ದಾಗ ಪದರದ ಮೇಲೆ ಪದರ ಕೂತು ಗಟ್ಟಿಯಾದದ್ದು. ಈ ಪದರಗಳು ನಮ್ಮ ಪರೋಟದ ಪದರದ ಹಾಗೆ, ಹೊರಗಿನಿಂದ ನೋಡಿದರೆ ಒಂದೇ ಮುದ್ದೆ, ಒಳಗೆ ಮಾತ್ರ ಬೇರೆ ಬೇರೆ. ಕಷ್ಟ ಏನಂದರೆ, ಸುತ್ತಿಗೆ ಉಳಿ ಹಿಡಿದು ಬಿಡಿಸೋಕೆ ಹೋದರೆ ಈ ಕಲ್ಲು ಪದರ ಬಿಡೋದಿಲ್ಲ, ಅಡ್ಡಾದಿಡ್ಡಿ ಮುರಿಯುತ್ತದೆ.

ಹಳೆಯ ಕಾಲದಲ್ಲಿ ಆ ಸೀಮೆಯವರು ನೆಲದ ಮೇಲ್ಮಟ್ಟದಲ್ಲಿ ತಾನಾಗಿಯೇ ಪದರ ಬಿಟ್ಟುಕೊಂಡ ಕಲ್ಲುಗಳನ್ನು ಆಯ್ದು ಚಾವಣಿಗೆ ಬಳಸುತ್ತಿದ್ದರು. ಅಂಥ ಕಲ್ಲಿಗೆ ಅವರಿಟ್ಟ ಹೆಸರು 'ಪ್ರೆಸೆಂಟ್ಸ್', ಅಂದರೆ ಉಡುಗೊರೆ. ಎಷ್ಟೋ ವರ್ಷಗಳ ಚಳಿಗಾಲ ಸೇರಿ ಸೀಳಿ ಇಟ್ಟಿದ್ದು, ಬಿಟ್ಟಿ ಸಿಕ್ಕಿದ್ದು. ಬಿಟ್ಟಿ ಸಿಗುವ ಮಾಲು ಎಷ್ಟು ದಿನ ಇರುತ್ತೆ? ಮೇಲಿನದು ಮುಗಿದಾಗ ನೆಲದಡಿಯ ಗಟ್ಟಿ ಕಲ್ಲಿಗೆ ಕೈ ಹಾಕಬೇಕಾಯಿತು. ಎಷ್ಟೋ ವರ್ಷಗಳಲ್ಲಿ ಆಗುವ ಈ ಕೆಲಸವನ್ನು ಒಂದೇ ಚಳಿಗಾಲದಲ್ಲಿ ಮಾಡಿಸಿಕೊಳ್ಳುವುದು ಹೇಗೆ ಅಂತ ಯಾರೋ ಕಂಡುಕೊಂಡರು. ಸುಮಾರು 16ನೇ ಶತಮಾನದ ಕೊನೆ, 17ನೇ ಶತಮಾನದ ಹೊತ್ತಿಗೆ ಆ ವಿದ್ಯೆ ಊರಿನ ಕಸುಬಾಗಿ ನಿಂತಿತು. ಯುರೋಪಿನ ಚಳಿಗಾಲ ಈಗಿನದಕ್ಕಿಂತ ಹೆಚ್ಚು ಕೊರೆಯುತ್ತಿದ್ದ ಕಾಲ ಅದು. ಲಂಡನ್ನಿನಲ್ಲಿ ಥೇಮ್ಸ್ ನದಿ ಆಗಾಗ ಹೆಪ್ಪುಗಟ್ಟಿ, ಅದರ ಮೇಲೆ ಜನ ಜಾತ್ರೆ ಮಾಡುತ್ತಿದ್ದರು. ಅಂಥ ಕೊನೆಯ ಜಾತ್ರೆ ನಡೆದದ್ದು 1814ರಲ್ಲಿ.

ಈ ಕಸುಬಿಗೆ ಅದರದೇ ಪಂಚಾಂಗ ಇತ್ತು. ಸೆಪ್ಟೆಂಬರ್ ಕೊನೆಗೆ ಮೈಕಲ್‌ಮಸ್ ಹಬ್ಬ. ಅಲ್ಲಿಗೆ ಸುಗ್ಗಿ ಮುಗಿದಿರುತ್ತದೆ. ಆಮೇಲೆ ಗಂಡಸರು ಗಣಿಗೆ ಇಳಿಯುತ್ತಿದ್ದರು. ಬಾವಿಯ ಹಾಗೆ ನೆಟ್ಟಗೆ ತೋಡಿದ ಗುಂಡಿ, ಕೆಲವು ಕಡೆ 60 ಅಡಿಗೂ ಆಳ. ಕೆಳಗೆ ಅಡ್ಡಕ್ಕೆ ಕೊರೆದ ಸುರಂಗ. ಮೇಣದಬತ್ತಿಯ ಬೆಳಕಿನಲ್ಲಿ ಬಗ್ಗಿಕೊಂಡು, ಮಲಗಿಕೊಂಡು ಕಲ್ಲು ಬಿಡಿಸಬೇಕು, ರಾಟೆಯಲ್ಲಿ ಮೇಲೆ ಎಳೆಯಬೇಕು. ಕ್ರಿಸ್‌ಮಸ್ ಒಳಗೆ ಸಾಕಷ್ಟು ಕಲ್ಲು ಮೇಲೆ ಬಂದಿರಬೇಕು, ಯಾಕಂದರೆ ಜನವರಿಯಲ್ಲಿ ಚಳಿ ಬರುತ್ತದೆ. ಅಥವಾ ಬರಬಹುದು.

ಮೇಲೆ ಬಂದ ಕಲ್ಲಿಗೆ ಒಂದೇ ಒಂದು ನಿಯಮ: ಒಣಗಬಾರದು. ಗಣಿಯಿಂದ ಬಂದ ಹಸಿ ಕಲ್ಲಿನೊಳಗೆ ನೆಲದ ತೇವ ಇರುತ್ತದೆ. ಗಾಳಿಗೆ ಬಿಟ್ಟು ಅದು ಒಮ್ಮೆ ಪೂರ್ತಿ ಒಣಗಿತು ಅಂದರೆ ಮುಗಿಯಿತು, ಆಮೇಲೆ ನೀರಲ್ಲಿ ಅದ್ದಿದರೂ ಎಂಥ ಚಳಿ ಬಂದರೂ ಅದು ಪದರ ಬಿಡುವುದಿಲ್ಲ. ಗೋಡೆ ಕಟ್ಟೋಕೆ ಆದೀತು, ಚಾವಣಿಗೆ ಆಗದು. ಅದಕ್ಕೆ ಕಲ್ಲನ್ನು ಹೊಲದಲ್ಲಿ ಹರವಿ ನೀರು ಹಾಕುತ್ತಾ, ಒಣಗುವ ಭಯ ಇದ್ದರೆ ಮೇಲೆ ಮಣ್ಣು ಮುಚ್ಚಿ ಕಾಪಾಡುತ್ತಿದ್ದರು. ಬಾಣಂತಿಗೆ ಮಾಡಿದಷ್ಟು ಆರೈಕೆ, ಅದೂ ಕಲ್ಲಿಗೆ.

ಆಮೇಲೆ ಕಾಯುವುದು. ಬೇರೆ ಏನೂ ಮಾಡೋಕಾಗಲ್ಲ. ಮುಂಗಾರಿಗೆ ಮೋಡ ನೋಡಿಕೊಂಡು ಕೂತ ರೈತನ ಸ್ಥಿತಿ. ಹೊಲ ಹಸನಾಗಿದೆ, ಬೀಜ ಮನೆಯಲ್ಲಿದೆ, ಇನ್ನೇನಿದ್ದರೂ ಆಕಾಶದ ಕೆಲಸ.

ಚಳಿ ಹೇಳಿ ಕೇಳಿ ಬರೋದಿಲ್ಲ. ಹಗಲೆಲ್ಲಾ ಮೋಡ, ಜಿಟಿಜಿಟಿ ಮಳೆ. ಇದ್ದಕ್ಕಿದ್ದಂತೆ ಒಂದು ರಾತ್ರಿ ಮೋಡ ಸರಿದು ನಕ್ಷತ್ರ ಕಾಣಿಸುತ್ತದೆ, ಗಾಳಿ ನಿಲ್ಲುತ್ತದೆ, ನೆಲ ಬಿರುಸಾಗತೊಡಗುತ್ತದೆ. ಅಂಥ ರಾತ್ರಿ ಸ್ಟೋನ್ಸ್‌ಫೀಲ್ಡಿನಲ್ಲಿ ಚರ್ಚಿನ ಗಂಟೆ ಬಾರಿಸುತ್ತಿದ್ದರು ಅಂತ ಊರಿನ ಕಥನ ಹೇಳುತ್ತದೆ. ಗಂಟೆ ಕೇಳಿದ ತಕ್ಷಣ ಹಾಸಿಗೆ ಬಿಟ್ಟು ಎದ್ದು, ಕಂದೀಲು ಹಿಡಿದುಕೊಂಡು ಜನ ಹೊಲಕ್ಕೆ ಓಡುತ್ತಿದ್ದರು. ಕಲ್ಲಿನ ಮೇಲಿನ ಮಣ್ಣು ಸರಿಸಬೇಕು, ನೀರು ಹನಿಸಬೇಕು, ಚಳಿಗೆ ಮೈ ಒಡ್ಡಿ ಇಡಬೇಕು.

ನನಗೆ ಇದನ್ನು ಓದಿದಾಗ ಎರಡು ಚಿತ್ರ ಒಟ್ಟಿಗೆ ಬಂದವು. ಒಂದು ನಮ್ಮ ಕಡೆಯ ಕಣ. ಒಕ್ಕಣೆ ಮಾಡಿದ ರಾಗಿ ಕಣದಲ್ಲಿದೆ, ರಾತ್ರಿ ಅಕಾಲದ ಮಳೆಯ ನಾಲ್ಕು ಹನಿ ಬಿತ್ತು. ಯಾರೋ ಒಬ್ಬರು ಕೂಗು ಹಾಕಿದರೆ ಸಾಕು, ಇಡೀ ಕೇರಿ ಗೋಣಿಚೀಲ, ತಾಡಪಾಲು ಹಿಡಿದುಕೊಂಡು ಓಡುತ್ತದೆ. ನಾವು ಮುಚ್ಚೋಕೆ ಓಡುತ್ತಿದ್ದೆವು, ಅವರು ತೆರೆಯೋಕೆ ಓಡುತ್ತಿದ್ದರು, ಅಷ್ಟೇ ವ್ಯತ್ಯಾಸ. ಇನ್ನೊಂದು ಚಿತ್ರ ನಿಮಗೂ ಗೊತ್ತಿರೋದೇ. ಆನ್‌ಕಾಲ್ ವಾರ, ರಾತ್ರಿ ಎರಡು ಗಂಟೆಗೆ ಫೋನು ಕಿರುಚುತ್ತದೆ, ಕಣ್ಣುಜ್ಜಿಕೊಂಡು ಲ್ಯಾಪ್‌ಟಾಪ್ ತೆಗೆಯುತ್ತೀರಿ. ಆದರೆ ನಮ್ಮ ಅಲರ್ಟು ಬಂದರೆ ಏನೋ ಕೆಟ್ಟಿದೆ ಅಂತ ಅರ್ಥ. ಅವರ ಗಂಟೆ ಬಾರಿಸಿತು ಅಂದರೆ ಈ ವರ್ಷದ ಊಟಕ್ಕೆ ದಾರಿಯಾಯಿತು ಅಂತ ಅರ್ಥ.

ಕೆಲವು ರಾತ್ರಿ ಚೆನ್ನಾಗಿ ಹೆಪ್ಪುಗಟ್ಟಿ, ಹಗಲು ಕರಗಿ, ಮತ್ತೆ ಹೆಪ್ಪುಗಟ್ಟಿದರೆ ಕಲ್ಲಿನ ಅಂಚಿನಲ್ಲಿ ಕೂದಲೆಳೆಯಂಥ ಗೆರೆಗಳು ಮೂಡುತ್ತವೆ. ಆಮೇಲೆ ಸುತ್ತಿಗೆಯ ಹಗುರವಾದ ಏಟು ಸಾಕು, ಕಲ್ಲು ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ವಸಂತ, ಬೇಸಿಗೆ ಪೂರ್ತಿ ಅದನ್ನು ಬಿಡಿಸಿ, ಅಂಚು ತಟ್ಟಿ ಅಳತೆಗೆ ತಂದು, ಗೂಟ ಹೊಡೆಯೋಕೆ ಒಂದು ತೂತು ಮಾಡುವ ಕೆಲಸ. ಒಂದೊಂದು ಅಳತೆಗೂ ಒಂದೊಂದು ಅಡ್ಡಹೆಸರು. ಆ ಸೀಮೆಯಲ್ಲಿ ಕೆಲವು ಅಳತೆಯ ಹಲಗೆಗಳಿಗೆ 'ಬ್ಯಾಚಲರ್' ಅಂತಲೇ ಹೆಸರು, ಅದರಲ್ಲೂ ಗಿಡ್ಡ ಬ್ಯಾಚಲರ್, ಉದ್ದ ಬ್ಯಾಚಲರ್ ಬೇರೆ ಬೇರೆ. ಚಾವಣಿಯ ಕೆಳಗಿನ ಅಂಚಿಗೆ ದೊಡ್ಡವು, ಮೇಲೆ ಹೋದಂತೆ ಸಣ್ಣವು. ಆಕ್ಸ್‌ಫರ್ಡಿನ ಹಳೆಯ ಕಾಲೇಜುಗಳ ಫೋಟೋ ನೋಡುವಾಗ ಮೇಲಿನ ಬೂದುಬಣ್ಣದ ಒರಟು ಚಾವಣಿಗಳನ್ನು ಗಮನಿಸಿ. ಈ ಊರಿನ ಕಲ್ಲು ಹೊದ್ದ ಕಟ್ಟಡಗಳು ಅವುಗಳಲ್ಲಿ ಬೇಕಾದಷ್ಟಿದ್ದವು.

ಇಷ್ಟೆಲ್ಲ ಚಳಿ ಬಂದರೆ. ಬರದಿದ್ದರೆ?

ಆಕ್ಸ್‌ಫರ್ಡ್ ಸೀಮೆ ಲೇಹ್ ಅಲ್ಲ, ಲಡಾಖ್ ಅಲ್ಲ. ಜನವರಿಯ ರಾತ್ರಿಗಳು ಅಲ್ಲಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಓಲಾಡುತ್ತವೆ. ಒಂದೆರಡು ಡಿಗ್ರಿ ಆಚೀಚೆ ಆದರೆ ಸಾಕು, ಚಳಿಗಾಲ ಪೂರ್ತಿ ಮಳೆಯಲ್ಲೇ ಕಳೆದುಹೋಗುತ್ತದೆ. ಆಗ ಮೂರು ತಿಂಗಳು ಪ್ರಾಣ ಒತ್ತೆಯಿಟ್ಟು ಮೇಲೆ ತಂದ ಕಲ್ಲನ್ನು ಮತ್ತೆ ಮಣ್ಣಿನಲ್ಲಿ ಹೂತು, ಒಣಗದಂತೆ ನೋಡಿಕೊಂಡು, ಮುಂದಿನ ಜನವರಿಯವರೆಗೆ ಕಾಯಬೇಕು. ಬಂಡವಾಳ ಮಣ್ಣಿನಲ್ಲಿ, ಬೇಸಿಗೆಗೆ ಬಿಡಿಸೋಕೆ ಕಲ್ಲಿಲ್ಲ, ಕೈಗೆ ಕೆಲಸವಿಲ್ಲ. ಪ್ರಕೃತಿಗೆ ಹತ್ತಿರವಾಗಿ ಬದುಕಿದವರು ಅಂತ ನಾವು ಈಗ ಸಲೀಸಾಗಿ ಹೇಳಿಬಿಡುತ್ತೇವೆ. ಹತ್ತಿರ ಅಂದರೆ ಇಷ್ಟು ಹತ್ತಿರ. ಎರಡು ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಡಿಮೆಯಾದರೆ ಮಕ್ಕಳ ಊಟ ಹೆಚ್ಚು ಕಡಿಮೆ.

ಈ ಕಸುಬಿನಿಂದ ಜಗತ್ತಿಗೆ ಚಾವಣಿ ಬಿಟ್ಟು ಇನ್ನೊಂದು ಸಿಕ್ಕಿತು. ಪದರ ಪದರವಾಗಿ ಬಿಚ್ಚಿದ ಕಲ್ಲಿನೊಳಗೆ ಹಳೆಯ ಸಮುದ್ರದ ತಳ ಇತ್ತಲ್ಲ, ಅದರಲ್ಲಿ ಸಿಕ್ಕಿಕೊಂಡಿದ್ದ ಜೀವಿಗಳೂ ಇದ್ದವು. ಅಗೆಯುವಾಗ ಕೆಲವು, ಬಿಡಿಸುವಾಗ ಕೆಲವು, ಚಿಪ್ಪು, ಮೀನಿನ ಹಲ್ಲು, ಎಲೆ, ದೊಡ್ಡ ದೊಡ್ಡ ಮೂಳೆ ಹೊರಗೆ ಬರುತ್ತಿದ್ದವು. ಆಕ್ಸ್‌ಫರ್ಡಿನ ವಿದ್ವಾಂಸರು ಇಂಥವಕ್ಕೆ ದುಡ್ಡು ಕೊಡುತ್ತಾರೆ ಅಂತ ಗಣಿಯವರಿಗೆ ಗೊತ್ತಿತ್ತು, ಹಾಗಾಗಿ ಎತ್ತಿಡುತ್ತಿದ್ದರು. 1797ರಲ್ಲಿ ಹೀಗೆ ಆಕ್ಸ್‌ಫರ್ಡಿನ ಅಂಗರಚನಾ ಶಾಸ್ತ್ರಜ್ಞ ಕ್ರಿಸ್ಟೋಫರ್ ಪೆಗ್ ಅವರ ಕೈಗೆ ಒಂದು ದವಡೆಯ ಮೂಳೆ ಬಂತು. ಬಾಗಿದ, ಕತ್ತಿಯಂಥ ಹಲ್ಲುಗಳಿದ್ದ ದವಡೆ.

1824ರ ಫೆಬ್ರವರಿ 20ರಂದು ವಿಲಿಯಂ ಬಕ್‌ಲ್ಯಾಂಡ್ ಲಂಡನ್ನಿನ ಜಿಯಾಲಜಿಕಲ್ ಸೊಸೈಟಿಯಲ್ಲಿ ಆ ದವಡೆ ಮತ್ತು ಜೊತೆಗೆ ಸಿಕ್ಕಿದ್ದ ಇತರ ಮೂಳೆಗಳನ್ನು ಇಟ್ಟುಕೊಂಡು, ಇದು ಅಳಿದುಹೋದ ಒಂದು ಭಾರಿ ಸರೀಸೃಪ ಅಂತ ವಿವರಿಸಿದರು. ಹೆಸರು 'ಮೆಗಲೊಸಾರಸ್', ಅಂದರೆ ಮಹಾ ಹಲ್ಲಿ. ವೈಜ್ಞಾನಿಕವಾಗಿ ಹೆಸರಿಟ್ಟು ವಿವರಿಸಿದ ಮೊಟ್ಟಮೊದಲ ಡೈನೋಸಾರ್ ಅದು. 'ಡೈನೋಸಾರ್' ಎಂಬ ಪದವೇ ಆಗ ಇರಲಿಲ್ಲ, ರಿಚರ್ಡ್ ಓವನ್ ಅದನ್ನು ಅಚ್ಚಿನಲ್ಲಿ ತಂದದ್ದು 1842ರಲ್ಲಿ. ಬಕ್‌ಲ್ಯಾಂಡ್ ಪ್ರಬಂಧಕ್ಕೆ ಚಿತ್ರ ಬರೆದವರು ಮೇರಿ ಮೋರ್‌ಲ್ಯಾಂಡ್, ಮುಂದೆ ಅವರನ್ನೇ ಬಕ್‌ಲ್ಯಾಂಡ್ ಮದುವೆಯಾದರು.

ಅದೇ ಕಲ್ಲಿನಿಂದ ಬೆರಳಿನಷ್ಟು ಉದ್ದವೂ ಇಲ್ಲದ ಪುಟ್ಟ ದವಡೆಗಳೂ ಬಂದಿದ್ದವು. 1818ರಲ್ಲಿ ಆಕ್ಸ್‌ಫರ್ಡಿಗೆ ಬಂದ ಫ್ರಾನ್ಸಿನ ಜಾರ್ಜ್ ಕುವಿಯೆ ಅದನ್ನು ನೋಡಿ, ಇದು ಸಸ್ತನಿಯದು ಅಂದರು. ದೊಡ್ಡ ಗಲಾಟೆಗೆ ಅದು ಕಾರಣವಾಯಿತು. ಸರೀಸೃಪಗಳು ಆಳುತ್ತಿದ್ದ ಅಷ್ಟು ಹಳೆಯ ಕಾಲದಲ್ಲಿ ಹಾಲೂಡಿಸುವ ಪ್ರಾಣಿ ಇರಲು ಸಾಧ್ಯವೇ ಇಲ್ಲ ಅಂತ ಆಗಿನ ಎಷ್ಟೋ ಪಂಡಿತರ ನಂಬಿಕೆ. ಕಲ್ಲಿನ ವಯಸ್ಸೇ ತಪ್ಪು ಅಂದವರುಂಟು, ದವಡೆ ಸರೀಸೃಪದ್ದು ಅಂದವರುಂಟು. ಸುಮಾರು ಇಪ್ಪತ್ತು ವರ್ಷ ಜಗಳ ನಡೆಯಿತು. ಕೊನೆಗೆ ಕುವಿಯೆ ಹೇಳಿದ್ದೇ ನಿಂತಿತು. ಡೈನೋಸಾರ್ ಕಾಲದಲ್ಲೇ ನಮ್ಮ ದೂರದ ನೆಂಟರು ಇಲಿಯಷ್ಟು ಗಾತ್ರದಲ್ಲಿ ಓಡಾಡಿಕೊಂಡಿದ್ದರು ಅಂತ ಜಗತ್ತಿಗೆ ಮೊದಲು ಗೊತ್ತಾದದ್ದು ಚಾವಣಿ ಹಲಗೆಯ ಗಣಿಯಿಂದ.

ಈಗ ಆ ಎರಡು ಅಂಕದ ಉತ್ತರಕ್ಕೆ ವಾಪಸ್ ಬರೋಣ. ಯಾಕಂದರೆ ಅದು ಪೂರ್ತಿ ಸರಿಯಿಲ್ಲ. ಸ್ಟೋನ್ಸ್‌ಫೀಲ್ಡಿನ ಗಣಿಯವರು ಆ ಪರೀಕ್ಷೆ ಬರೆದಿದ್ದರೆ ಬೇರೆ ಉತ್ತರ ಬರೆಯುತ್ತಿದ್ದರೋ ಏನೋ.

ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ. ಇದು ನಿಜ, ಫ್ರೀಜರಿನಲ್ಲಿ ಬಿಯರ್ ಬಾಟಲಿ ಮರೆತವರಿಗೆಲ್ಲ ಗೊತ್ತು. ಇದರ ಪ್ರಯೋಗಗಳೂ ಹಳೆಯವೇ. 1657ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಶುರುವಾದ 'ಅಕಾಡೆಮಿಯಾ ದೆಲ್ ಚಿಮೆಂತೊ' ಎಂಬ ವಿಜ್ಞಾನ ಕೂಟದವರು ಗಾಜಿನ, ಲೋಹದ ಪಾತ್ರೆಗಳಲ್ಲಿ ನೀರು ತುಂಬಿ ಬಾಯಿ ಮುಚ್ಚಿ ಹೆಪ್ಪುಗಟ್ಟಿಸಿ ಒಡೆದು ನೋಡಿದ್ದರು. 1784-85ರ ಚಳಿಗಾಲದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿದ್ದ ಬ್ರಿಟಿಷ್ ಸೈನ್ಯಾಧಿಕಾರಿ ಎಡ್ವರ್ಡ್ ವಿಲಿಯಮ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಫಿರಂಗಿಯ ಟೊಳ್ಳು ಕಬ್ಬಿಣದ ಗುಂಡುಗಳಿಗೆ ನೀರು ತುಂಬಿ, ಕಬ್ಬಿಣದ ಬಿರಟೆ ಬಿಗಿದು ಹೊರಗಿಟ್ಟರು. ಬಿರಟೆ ನೂರಾರು ಅಡಿ ದೂರಕ್ಕೆ ಹಾರಿಹೋಯಿತು, ಬಿರಟೆ ಬಿಡದ ಕಡೆ ಗುಂಡೇ ಸೀಳಿತು. ಲೆಕ್ಕದ ಪ್ರಕಾರ ಪೂರ್ತಿ ಬಂದ್ ಆದ ಜಾಗದಲ್ಲಿ ಮೈನಸ್ 22 ಡಿಗ್ರಿ ಹೊತ್ತಿಗೆ ಮಂಜುಗಡ್ಡೆಯ ಒತ್ತಡ ವಾತಾವರಣದ ಒತ್ತಡದ 2000 ಪಟ್ಟು ದಾಟಬಲ್ಲದು. ಯಾವ ಗ್ರಾನೈಟೂ ಇದರ ಮುಂದೆ ನಿಲ್ಲದು.

ಅಡಚಣೆ 'ಪೂರ್ತಿ ಬಂದ್' ಅನ್ನೋದರಲ್ಲಿದೆ. ಕಲ್ಲು ಬಿಯರ್ ಬಾಟಲಿ ಅಲ್ಲ. ಅದರ ಬಿರುಕು ಹೊರಗಾಳಿಗೆ ತೆರೆದಿರುತ್ತದೆ, ಹಿಗ್ಗಿದ ಮಂಜು ಬಾಯಿಯ ಕಡೆಗೆ ಸರಿದುಬಿಡಬಹುದು. ಕಲ್ಲಿನ ಸಣ್ಣ ರಂಧ್ರಗಳಲ್ಲಿ ನೂರಕ್ಕೆ ಹತ್ತರಷ್ಟು ಗಾಳಿ ಇದ್ದರೂ ಸಾಕು, 9% ಹಿಗ್ಗುವಿಕೆ ಆ ಖಾಲಿ ಜಾಗದಲ್ಲೇ ಆರಾಮಾಗಿ ಕೂರುತ್ತದೆ. ಹೊಲದಲ್ಲಿ ಹರವಿದ ಎಲ್ಲ ಕಲ್ಲೂ ಗಾಳಿಯೇ ಇಲ್ಲದಷ್ಟು ನೀರು ಕುಡಿದು ಬಾಯಿ ಮುಚ್ಚಿಕೊಂಡಿತ್ತು ಅನ್ನೋದು ನಂಬುವ ಮಾತಲ್ಲ. ಆದರೂ ಕಲ್ಲು ಸೀಳುತ್ತಿತ್ತು.

ಇದಕ್ಕೆ ಸುಳಿವು ಸಿಕ್ಕಿದ್ದು ಕಲ್ಲಿನಿಂದಲ್ಲ, ಮಣ್ಣಿನಿಂದ. 1929-30ರಲ್ಲಿ ಅಮೆರಿಕದ ಸ್ಟೀಫನ್ ಟೇಬರ್, ಚಳಿ ದೇಶಗಳಲ್ಲಿ ರಸ್ತೆಗಳು ಚಳಿಗಾಲಕ್ಕೆ ಯಾಕೆ ಉಬ್ಬುತ್ತವೆ ಅಂತ ಹುಡುಕುತ್ತಿದ್ದರು. ಅವರು ಮಾಡಿದ ಒಂದು ಪ್ರಯೋಗ ಬಹಳ ಸರಳ. ಮಣ್ಣಿಗೆ ನೀರಿನ ಬದಲು ಬೆಂಜೀನ್ ಹಾಕಿ ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟಿದಾಗ ಹಿಗ್ಗುವುದಿಲ್ಲ, ಕುಗ್ಗುತ್ತದೆ. ಹಿಗ್ಗುವಿಕೆಯೇ ಕಾರಣವಾಗಿದ್ದರೆ ಮಣ್ಣು ಇಳಿಯಬೇಕಿತ್ತು. ಅದು ಉಬ್ಬಿತು.

ಹಾಗಾದರೆ ಎತ್ತುತ್ತಿರೋದು ಏನು? ಮಂಜುಗಡ್ಡೆಗೂ ಕಲ್ಲಿನ ಕಣಕ್ಕೂ ನಡುವೆ, ಸೊನ್ನೆಗಿಂತ ಕೆಳಗೆ ಹೋದರೂ ಹೆಪ್ಪುಗಟ್ಟದ ನೀರಿನ ಒಂದು ತೆಳು ಪೊರೆ ಉಳಿದಿರುತ್ತದೆ. ಆ ಪೊರೆ ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಇನ್ನೂ ಹೆಪ್ಪುಗಟ್ಟದ ಕಡೆಯಿಂದ ನೀರನ್ನು ಎಳೆದು ತರುತ್ತದೆ. ಬಂದ ನೀರು ಮಂಜಿಗೆ ಸೇರಿಕೊಳ್ಳುತ್ತದೆ, ಮಂಜಿನ ಪದರ ದಪ್ಪವಾಗುತ್ತಾ ಎರಡೂ ಬದಿಯನ್ನು ದೂಡುತ್ತದೆ. ನೀರಿನ ಸರಬರಾಜು ಇರುವವರೆಗೆ ಈ ದೂಡುವಿಕೆ ನಿಲ್ಲುವುದಿಲ್ಲ. 1985ರಲ್ಲಿ ಜೋಸೆಫ್ ವಾಲ್ಡರ್ ಮತ್ತು ಬರ್ನಾರ್ಡ್ ಹ್ಯಾಲೆಟ್ ಈ ಲೆಕ್ಕವನ್ನು ಕಲ್ಲಿನ ಬಿರುಕಿಗೆ ಹಚ್ಚಿ ನೋಡಿದರು. ಬಿರುಕು ಚೆನ್ನಾಗಿ ಬೆಳೆಯೋದು ಮೈನಸ್ 4ರಿಂದ ಮೈನಸ್ 15 ಡಿಗ್ರಿಯ ನಡುವೆ ಅಂತ ಅವರ ಲೆಕ್ಕ ಹೇಳಿತು. ಅದಕ್ಕಿಂತ ಬೆಚ್ಚಗಿದ್ದರೆ ಮಂಜಿಗೆ ದೂಡುವ ತ್ರಾಣ ಸಾಲದು, ಅದಕ್ಕಿಂತ ಕೊರೆದರೆ ನೀರು ಹರಿದು ಬರುವ ದಾರಿಯೇ ಕಟ್ಟಿಹೋಗುತ್ತದೆ. 2006ರಲ್ಲಿ ಜೂಲಿಯನ್ ಮರ್ಟನ್ ಮತ್ತು ಸಂಗಡಿಗರು ತೇವದ ಚಾಕ್ ಕಲ್ಲಿನ ದಿಮ್ಮಿಗಳನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಹೆಪ್ಪುಗಟ್ಟಿಸಿ, ಮಂಜಿನ ಪದರಗಳು ಬೆಳೆದು ಕಲ್ಲನ್ನು ಸೀಳುವುದನ್ನು ತೋರಿಸಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು.

9%ನ ಕಥೆ ಸುಳ್ಳು ಅಂತಲ್ಲ. ಕಲ್ಲು ನೀರಿನಿಂದ ಪೂರ್ತಿ ತೊಯ್ದಿದ್ದು, ಚಳಿ ದಿಢೀರನೆ ಎಲ್ಲ ಕಡೆಯಿಂದ ಮುತ್ತಿದರೆ ಅದೂ ಕೆಲಸ ಮಾಡುತ್ತದೆ. ಆದರೆ ನಿಧಾನವಾಗಿ, ನೀರು ಕುಡಿಯುತ್ತಾ, ಪದರ ಹಿಡಿದು ಸೀಳುವ ಕೆಲಸಕ್ಕೆ ಈ ಎರಡನೇ ವಿವರಣೆಯೇ ಹೆಚ್ಚು ಹೊಂದುತ್ತದೆ.

ಈಗ ಗಣಿಯವರ ನಿಯಮವನ್ನು ಮತ್ತೊಮ್ಮೆ ಓದಿ: ಒಣಗಬಾರದು. ಚಳಿಯಷ್ಟೇ ಸಾಲದು, ನೀರಿನ ಸರಬರಾಜು ಇರಬೇಕು. ಪೊರೆ, ಬತ್ತಿ, ಬೆಂಜೀನ್ ಏನೂ ಗೊತ್ತಿಲ್ಲದೆ ಅವರು ಸರಿಯಾದ ಜಾಗದಲ್ಲಿ ಬೆರಳಿಟ್ಟಿದ್ದರು. ಅವರ ನಿಯಮಕ್ಕೆ ಇನ್ನೂ ಒಂದು ಕಾರಣ ಹೇಳುತ್ತಾರೆ. ಕಲ್ಲಿನ ತೇವದಲ್ಲಿ ಕರಗಿದ ಸುಣ್ಣದಂಥ ಅಂಶ ಇರುತ್ತದೆ, ನೀರು ಆರಿಹೋದಾಗ ಅದು ರಂಧ್ರಗಳಲ್ಲೇ ಉಳಿದು ಅಂಟಿನ ಹಾಗೆ ಪದರಗಳನ್ನು ಕಚ್ಚಿಹಿಡಿಯುತ್ತದೆ. ಎರಡೂ ಕಾರಣ ಸೇರಿ ಹೇಳುವುದು ಒಂದೇ ಮಾತು. ಮುನ್ನೂರು ವರ್ಷ ತಪ್ಪದೆ ನೀರು ಹೊತ್ತವರಿಗೆ ವಿವರಣೆ ಗೊತ್ತಿರಲಿಲ್ಲ, ಆದರೆ ಅವರು ಮಾಡಿದ್ದು ಸರಿಯಿತ್ತು. ನಮ್ಮ ಬಳಿ ವಿವರಣೆ ಇತ್ತು, ಅದು ಅರ್ಧವೇ ಸರಿಯಿತ್ತು.

ಇದನ್ನು ಓದುತ್ತಾ ನಮ್ಮ ಕಡೆಯ ಚಪ್ಪಡಿ ಕಲ್ಲುಗಳು ನೆನಪಾಗದೇ ಇರಲಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಬೆಳೆದವರು ನೋಡಿರುತ್ತೀರಿ, ಹೊಲದ ಬೇಲಿಗೆ ನಿಲ್ಲಿಸಿದ ಕಲ್ಲು, ಜಗಲಿಗೆ ಹಾಸಿದ ಕಲ್ಲು, ಮಾಳಿಗೆಗೆ ಹೊದಿಸಿದ ಕಲ್ಲು, ಎಲ್ಲವೂ ಚಪ್ಪಡಿ. ನಮಗೆ ಚಳಿ ಇಲ್ಲ, ಕಲ್ಲೋ ಗ್ರಾನೈಟು. ಇಲ್ಲಿನವರು ಹಿಡಿದದ್ದು ಬೆಂಕಿಯ ದಾರಿ. 1895ರ 'ನೇಚರ್' ಪತ್ರಿಕೆಯಲ್ಲಿ ಬೆಂಗಳೂರಿನ ಕಲ್ಲುಗಣಿಯೊಂದರ ವರದಿ ಬಂದಿದೆ. ಸಮತಟ್ಟಾದ ಬಂಡೆಯ ಮೇಲೆ ಸಾಲಾಗಿ ಸೌದೆ ಉರಿ ಹಾಕುತ್ತಾರೆ. ಕಾದ ಮೇಲ್ಪದರ ಹಿಗ್ಗುತ್ತದೆ, ಅಡಿಯ ತಣ್ಣನೆಯ ಕಲ್ಲು ಹಿಗ್ಗೋದಿಲ್ಲ, ನಡುವೆ ಬಿಡುತ್ತದೆ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ. ಟೊಳ್ಳು ಸದ್ದು ಬಂದರೆ ಅಲ್ಲಿ ಬಿಟ್ಟಿದೆ ಅಂತ ಅರ್ಥ, ಉರಿಯನ್ನು ಮುಂದಕ್ಕೆ ಸರಿಸುತ್ತಾರೆ. ಹೀಗೆ ಕೆಲವೇ ಇಂಚು ದಪ್ಪದ ಭಾರಿ ಚಪ್ಪಡಿ ಮದ್ದುಗುಂಡಿಲ್ಲದೆ ಎದ್ದು ಬರುತ್ತಿತ್ತು. ಅವರು ಚಳಿಗೆ ಕಾದರು, ನಮ್ಮವರು ಉರಿ ಹಚ್ಚಿದರು. ಎರಡೂ ಕಡೆ ಕಲ್ಲನ್ನು ಬಲವಂತ ಮಾಡಲಿಲ್ಲ, ಅದು ಎಲ್ಲಿ ಬಿಡಲು ಒಪ್ಪುತ್ತದೋ ಅಲ್ಲೇ ಬಿಡಿಸಿದರು. ಎರಡೂ ಕಡೆ ಈ ಕೆಲಸ ಮಾಡಿದವರು ಶಾಲೆಯ ಮೆಟ್ಟಿಲು ಹತ್ತದ ಬಡವರೇ ಹೆಚ್ಚು.

ಸ್ಟೋನ್ಸ್‌ಫೀಲ್ಡಿಗೆ ಕೊನೆಗೆ ಏಟು ಕೊಟ್ಟದ್ದು ಬರೀ ಹವಾಮಾನ ಅಲ್ಲ, ಸಾರಿಗೆ. ಕಾಲುವೆ ಮತ್ತು ರೈಲು ಬಂದ ಮೇಲೆ ವೇಲ್ಸ್‌ನ ನಿಜವಾದ ಸ್ಲೇಟು ಎಲ್ಲ ಕಡೆ ಅಗ್ಗವಾಗಿ ಸಿಗತೊಡಗಿತು. ಅದು ತೆಳು, ಹಗುರ, ಉಳಿಯಲ್ಲೇ ಸೀಳುತ್ತದೆ, ಯಾವ ರಾತ್ರಿಗೂ ಕಾಯಬೇಕಿಲ್ಲ. ಸ್ಟೋನ್ಸ್‌ಫೀಲ್ಡ್ ಕಲ್ಲಿನ ಚಾವಣಿಗೆ ಹತ್ತು ಚದರ ಮೀಟರಿಗೆ ಹೆಚ್ಚು ಕಡಿಮೆ ಒಂದು ಟನ್ ಭಾರ, ಹೊರುವ ಮರವೂ ದಪ್ಪ ಬೇಕು. ಒಂದು ಕಡೆ ವರ್ಷಪೂರ್ತಿ ಗ್ಯಾರಂಟಿ ಸಪ್ಲೈ, ಇನ್ನೊಂದು ಕಡೆ 'ಚಳಿ ಬಂದರೆ ಕೊಡ್ತೀವಿ' ಅನ್ನುವ ಮಾತು. ಮನೆ ಕಟ್ಟುವವನು ಯಾರ ಹತ್ತಿರ ಹೋಗುತ್ತಾನೆ ಅಂತ ಹೇಳಬೇಕಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಈ ಊರಿನ ಗಣಿಗಳು ಮುಚ್ಚಿದ್ದವು.

ಇದೇ ವಿದ್ಯೆ ಇಂಗ್ಲೆಂಡಿನ ಇನ್ನೊಂದು ಹಳ್ಳಿಯಲ್ಲಿ ಇನ್ನಷ್ಟು ಕಾಲ ಉಳಿಯಿತು. ನಾರ್ತಾಂಪ್ಟನ್‌ಶೈರಿನ ಕಾಲಿವೆಸ್ಟನ್. ಅಲ್ಲೂ ನೆಲದಡಿಯ ಸುಣ್ಣದಕಲ್ಲು, ಅಲ್ಲೂ ನೀರು ಹಾಕಿ ಚಳಿಗೆ ಕಾಯುವುದು. 20ನೇ ಶತಮಾನದಲ್ಲಿ ಚಳಿಗಾಲಗಳು ಸೌಮ್ಯವಾಗುತ್ತಾ ಬಂದಂತೆ ಅಲ್ಲೂ ಕೆಲಸ ನಿಂತಿತು. ಹಳೆಯ ಕಟ್ಟಡದ ರಿಪೇರಿಗೆ ಕಲ್ಲು ಬೇಕಾದರೆ ಇನ್ನೊಂದು ಹಳೆಯ ಕಟ್ಟಡದಿಂದ ಕಿತ್ತು ತರುವ ಪರಿಸ್ಥಿತಿ. 1990ರ ದಶಕದಲ್ಲಿ ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯದವರು ಚಳಿಯನ್ನೇ ಯಂತ್ರದಿಂದ ಮಾಡಬಹುದಾ ಅಂತ ಪರೀಕ್ಷೆ ಶುರುಮಾಡಿದರು. ಕಲ್ಲನ್ನು ತೊಯ್ಸಿ, ಫ್ರೀಜರಿನಲ್ಲಿಟ್ಟು, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸುವುದು. ಕಲ್ಲು ಒಪ್ಪಿತು. ಮುಂದೆ ಹೀಗೆ ತಯಾರಾದ ಹೊಸ ಹಲಗೆಗಳು ಆಪ್‌ಥಾರ್ಪ್ ಹಾಲ್ ಎಂಬ ಹಳೆಯ ಅರಮನೆಯಂಥ ಕಟ್ಟಡದ ಚಾವಣಿಗೆ ಏರಿದವು. 2010ರ ದಶಕದಲ್ಲಿ ಕಾಲಿವೆಸ್ಟನ್‌ನಲ್ಲಿ ಗಣಿಗಾರಿಕೆಯೂ ಮತ್ತೆ ಶುರುವಾಯಿತು.

ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಈಗ ಆ ಕೆಲಸ ಮಾಡುವವನು ಜನವರಿಯ ಆಕಾಶ ನೋಡಿಕೊಂಡು ಕೂರಬೇಕಿಲ್ಲ, ಜುಲೈನಲ್ಲೂ ಚಳಿ ಸಿಗುತ್ತದೆ, ವರ್ಷಪೂರ್ತಿ ಸಂಬಳ ಸಿಗುತ್ತದೆ. ಮಧ್ಯರಾತ್ರಿ ಗಂಟೆಗೆ ಎದ್ದು ಹೆಪ್ಪುಗಟ್ಟಿದ ಹೊಲದಲ್ಲಿ ಬರಿಗೈಯಲ್ಲಿ ಕಲ್ಲು ಹೊರಳಿಸುವ ಬದುಕನ್ನು ನಾವು ದೂರದಿಂದ ಚೆಂದ ಅನ್ನಬಹುದು, ಬದುಕಿದವರು ಅನ್ನುತ್ತಿದ್ದರಾ ಗೊತ್ತಿಲ್ಲ. ಆದರೆ ಫ್ರೀಜರಿಗೆ ಹೇಳಿಕೊಟ್ಟದ್ದೂ ಅವರ ಪಾಠವನ್ನೇ ಅನ್ನೋದು ಮರೆಯಬಾರದು. ಮೊದಲು ಚೆನ್ನಾಗಿ ತೊಯ್ಸು, ಆಮೇಲೆ ಚಳಿ, ನಡುವೆ ಒಣಗಲು ಬಿಡಬೇಡ.

ಬಕ್‌ಲ್ಯಾಂಡ್ ವಿವರಿಸಿದ ಆ ದವಡೆ ಈಗಲೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಆನ್‌ಸೈಟ್ ಅಂತಲೋ ಪ್ರವಾಸ ಅಂತಲೋ ಆ ಕಡೆ ಹೋದರೆ ನೋಡಿ ಬನ್ನಿ. ಬಕ್‌ಲ್ಯಾಂಡ್, ಕುವಿಯೆ, ಓವನ್ ಇವರ ಹೆಸರುಗಳು ಪುಸ್ತಕಗಳಲ್ಲಿ ಸಿಗುತ್ತವೆ. ಅರವತ್ತು ಅಡಿ ಕೆಳಗಿನಿಂದ ಅದನ್ನು ಹೊತ್ತು ತಂದವರ ಹೆಸರು ಆ ಪುಸ್ತಕಗಳಲ್ಲಿಲ್ಲ. ಮ್ಯೂಸಿಯಮ್ಮಿನಿಂದ ಹೊರಗೆ ಬಂದ ಮೇಲೆ ಒಮ್ಮೆ ತಲೆ ಎತ್ತಿ ಹಳೆಯ ಕಾಲೇಜುಗಳ ಚಾವಣಿಯನ್ನೂ ನೋಡಿ. ಒಂದೊಂದು ಹಲಗೆಯೂ ಯಾವುದೋ ಒಂದು ರಾತ್ರಿಯ ಚಳಿ ಬಿಡಿಸಿಕೊಟ್ಟದ್ದು, ಆ ರಾತ್ರಿ ಯಾರೋ ಎದ್ದು ಹೋಗಿ ಅದಕ್ಕೆ ನೀರು ಹಾಕಿದ್ದರು.